ಬೆಳಿಗ್ಗೆ ಎಂಟರ ಟಾರ್ಚು

ಅವಳು ಮೂರನೆಯ ಸಲ ಗುಂಡಿ ಒತ್ತಿದಾಗಲೂ ಕಂಪ್ಯೂಟರಿನ ಡಬ್ಬಿ ಉದ್ದಕ್ಕೆ ಕೂಗಿಕೊಂಡಿತು. ಬೀಈಪ್. ಸ್ವಲ್ಪ ನಿಂತು ಮತ್ತೆ ಬೀಈಪ್. ನಡುಮನೆಯಲ್ಲಿ ಹೆಣದ ಸುತ್ತ ಕೂತಿದ್ದವರ ಪಿಸುಮಾತು ಗಕ್ಕನೆ ನಿಂತಿತು.

"ಅತ್ತಿಗೆ, ಹೆಣ ಮನೇಲಿಟ್ಕೊಂಡು ಇದೇನು ರಗಳೆ?" ನಾದಿನಿ ಬಾಗಿಲಲ್ಲಿ ನಿಂತು ಗದರಿದಳು.

"ಫೋಟೋ ಬೇಕು ಅಂತ ಪ್ರಾಣ ತಿಂದವಳು ನೀನೇ ತಾನೆ? ನಿಮ್ಮಣ್ಣನ ಮೋರೆ ಇರೋದೆಲ್ಲ ಇದರ ಹೊಟ್ಟೇಲೇ. ಬಾ, ಟಾರ್ಚ್ ಹಿಡಿ."

ಅವಳು ಕಂಪ್ಯೂಟರಿನ ಪಕ್ಕದ ತಗಡು ಸರಿಸಿದಳು. ಒಳಗೆ ಬೂದು ಧೂಳು, ಬಣ್ಣಬಣ್ಣದ ತಂತಿಗಳು. ನಾದಿನಿಯ ಕೈಯಲ್ಲಿ ಬೆಳಕು ಅತ್ತಿತ್ತ ಓಡಾಡಿತು.

"ಕೈ ಅಲ್ಲಾಡಿಸ್ಬೇಡ ಕಣೇ!"

 ಅದು ಅವಳ ಮಾತಲ್ಲ. ನಿನ್ನೆಯವರೆಗೂ ಗಂಡ ಅವಳಿಗೆ ಹೇಳುತ್ತಿದ್ದ ಮಾತು. ಇವತ್ತು ಬೆಳಿಗ್ಗೆ ಎಬ್ಬಿಸಿದರೆ ಅವನು ಏಳಲಿಲ್ಲ.

*

ಹದಿನೈದು ವರ್ಷದ ಹಿಂದೆ ಅವನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಬಿಲ್ಲು ಅಚ್ಚಾಗಬೇಕಾದ ದಿನ ಇದೇ ಡಬ್ಬಿ ಹೀಗೇ ಕೂಗಿ ಮಲಗಿತ್ತು. ಅವಳ ತಾಯಿಗೆ ಸೀರಿಯಸ್ಸು ಅಂತ ಕಚೇರಿಗೆ ಫೋನ್ ಬಂದಾಗ ಅವನು ಅದರೊಳಗೆ ತಲೆ ತೂರಿಸಿಕೊಂಡಿದ್ದ. ಇದೊಂದು ಎದ್ದು ಕೂರಲಿ, ಮನೆಗೆ ಹೇಳಿದರಾಯಿತು ಅಂದುಕೊಂಡ. ಅದು ಎದ್ದು ಕೂರುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು. ಅವಳು ಹೋಗಿ ಮುಟ್ಟಿದಾಗ ತಾಯಿಯ ಕೈ ತಣ್ಣಗಾಗಿತ್ತು.

"ನಿಮ್ಮ ಡಬ್ಬಿ ಬದುಕ್ತಲ್ಲ, ಅಷ್ಟು ಸಾಕು."

ಅಂದಿನಿಂದ ಅವನ ಪಕ್ಕ ಕೂರುವುದನ್ನೇ ಬಿಟ್ಟಳು. ಬಡಿಸುವುದು, ಒಳಗೆ ಹೋಗುವುದು. ಏಳು ವರ್ಷದ ಹಿಂದೆ ನಿವೃತ್ತನಾದ ದಿನ ಅವನು ಕಚೇರಿಯವರು ಮೂಲೆಗೆ ಎಸೆದಿದ್ದ ಅದೇ ಡಬ್ಬಿಯನ್ನು ಹೊತ್ತು ತಂದ.

"ಸವತೀನ ಮನೆಗೇ ಕರ್ಕೊಂಡು ಬಂದ್ರಾ?"

ಅವನು ತಲೆ ತಗ್ಗಿಸಿ ಪ್ಲಗ್ಗು ಹುಡುಕಿದ.

ಆಮೇಲೆ ದಿನಾ ಬೆಳಿಗ್ಗೆ ಎಂಟಕ್ಕೆ ಅದು ಕೂಗುತ್ತಿತ್ತು. "ನನ್ನ ಕಣ್ಣು ಮಂಜು, ಬಂದು ಟಾರ್ಚ್ ಹಿಡಿಯೇ." ಗೊಣಗುತ್ತಲೇ ಬರುವಳು. ಅವನು ರ‍್ಯಾಮ್ ಪಟ್ಟಿ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕುವನು. ಆ ಹತ್ತು ನಿಮಿಷ ಇಬ್ಬರ ತಲೆಯೂ ಒಂದೇ ಬೆಳಕಿನೊಳಗೆ.

"ಸೋಪು ಮುಗಿದಿದೆ."

"ತರ್ತೀನಿ. ಮಂಡಿ ನೋವು?"

"ಇದೆ. ಎಲ್ಲಿ ಹೋಗುತ್ತೆ?"

ಎರಡು ತುದಿಯ ಕ್ಲಿಪ್ಪು ಮುಚ್ಚಿ ಪಟ್ಟಿ ಟಕ್ಕೆಂದು ಕೂರುತ್ತಿತ್ತು, ಕೂಗು ನಿಲ್ಲುತ್ತಿತ್ತು. ಅವಳು ಎದ್ದು ಹೋಗುವಳು. ಅವನು ಅರ್ಧ ಗಂಟೆ ಅದರಲ್ಲಿ ಇಸ್ಪೀಟು ಆಡಿ ಆರಿಸುವನು. ಇಷ್ಟು ಪಾಡು ಇಸ್ಪೀಟಿಗಾ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

*

ಕೂಗು ಕೇಳಿ ರೇಡಿಯೋ ಮೆಕ್ಯಾನಿಕ್ಕು ಒಳಗೆ ಬಂದ. ಸತ್ತವನಿಗೆ ಇದ್ದ ಒಬ್ಬನೇ ಗೆಳೆಯ. ಅತ್ತು ಅತ್ತು ಅವನ ಮೂಗು ಕೆಂಪಗಾಗಿತ್ತು.

"ಬಿಡಿ ಅಕ್ಕಾ, ನಾನು ನೋಡ್ತೀನಿ."

"ಬೇಡ. ಏಳು ವರ್ಷ ನೋಡಿದ್ದೀನಿ, ನನಗೆ ಬರುತ್ತೆ. ಹಾಳಾದ ಕ್ಲಿಪ್ಪು, ಎರಡೂ ಬಾಯಿ ಬಿಟ್ಕೊಂಡಿವೆ. ನಿನ್ನೆ ಬೆಳಿಗ್ಗೆ ತಾನೇ ಗಟ್ಟಿಯಾಗಿ ಕೂರಿಸಿದ್ರು. ದಿನಾ ರಾತ್ರಿ ತಾನಾಗೇ ಬಿಚ್ಕೊಳ್ಳುತ್ತೆ ಶನಿ."

ಮೆಕ್ಯಾನಿಕ್ಕು ಬಗ್ಗಿ ನೋಡಿದ. ಏನೋ ಹೇಳಹೊರಟು ನುಂಗಿಕೊಂಡ.

"ಏನು? ಉಗುಳು."

"ತಾನಾಗೇ ಬಿಚ್ಚಲ್ಲ ಅಕ್ಕಾ. ಹೆಬ್ಬೆರಳ ಉಗುರು ಹಾಕಿ ಎಬ್ಬಿಸ್ಬೇಕು. ನಾಲ್ಕು ವರ್ಷದ ಹಿಂದೆ ಇದನ್ನ ನನ್ನ ಅಂಗಡೀಲಿ ಪೂರ್ತಿ ಸರಿ ಮಾಡಿದ್ದೆ. ಮಾರನೇ ದಿನ ಇವನು ಬಂದು ನನ್ನ ಮೇಲೇ ಎಗರಾಡಿದ. ನೀನ್ಯಾವನೋ ಕ್ಲಿಪ್ಪು ಇಷ್ಟು ಬಿಗಿ ಮಾಡೋಕೆ, ಸಡಿಲ ಮಾಡಿಕೊಡು ಅಂದ."

"ಅಣ್ಣನಿಗೇನು ತಲೆ ಕೆಟ್ಟಿತ್ತಾ?" ಅಂದಳು ನಾದಿನಿ.

"ನಾನೂ ಅದೇ ಬೈದೆ. 'ಸುಮ್ನಿರೋ, ಬೆಳಿಗ್ಗೆ ಅದು ಕೂಗ್ಬೇಕು' ಅಂದ. ಅಷ್ಟೇ."

ಅವಳು ಬಾಯಿ ತೆರೆದ ಎರಡು ಬಿಳಿ ಕ್ಲಿಪ್ಪುಗಳನ್ನೇ ನೋಡಿದಳು. ನಿನ್ನೆ ರಾತ್ರಿ ಅವನು ಎಲ್ಲರಂತೆ ಹಲ್ಲುಜ್ಜಿ ಮಲಗಿದ್ದ. ಮಲಗುವ ಮೊದಲು ಇವತ್ತಿನ ಬೆಳಗನ್ನೂ ಸಿದ್ಧಮಾಡಿ ಇಟ್ಟಿದ್ದ.

ರಬ್ಬರಿಗಾಗಿ ತಡಕಾಡಿದಳು. ಅದು ಅವನು ಕೂರುತ್ತಿದ್ದ ಕಡೆ, ಮೇಜಿನ ಅಂಚಿನಲ್ಲೇ ಇತ್ತು. ಹಲ್ಲುಗಳನ್ನು ಮೆಲ್ಲಗೆ, ಬೇಕಾದ್ದಕ್ಕಿಂತ ಬಹಳ ಹೊತ್ತು ತಿಕ್ಕಿದಳು. ಯಾರೂ ಅವಸರ ಮಾಡಲಿಲ್ಲ. ಕಿಟಕಿಯ ಬಿಸಿಲಿನಲ್ಲಿ ಧೂಳು ನೀರಿನೊಳಗಿದ್ದಂತೆ ತೇಲುತ್ತಿತ್ತು. ಪಟ್ಟಿ ಟಕ್ಕೆಂದಿತು. ಗುಂಡಿ ಒತ್ತಿದರೆ ಒಂದೇ ಒಂದು ಗಿಡ್ಡ ಬೀಪು.

ಒಳಗಿನ ಗಡಿಯಾರದ ಸೆಲ್ಲು ಸತ್ತು ವರ್ಷಗಳಾಗಿದ್ದ ಡಬ್ಬಿ, ಪರದೆಯ ಮೇಲೆ ಎಂದಿನಂತೆ ಇಪ್ಪತ್ತು ವರ್ಷ ಹಿಂದಿನ ಒಂದು ದಿನವನ್ನು ತೋರಿಸಿ, ತಾರೀಖು ಸರಿಯಾ ಎಂದು ಕೇಳಿತು. ಆ ದಿನ ಅವಳ ತಾಯಿ ಬದುಕಿದ್ದಳು, ಇವನೂ ಇದ್ದ. ಅವಳು ತಿದ್ದಲಿಲ್ಲ. ಗುಂಡಿ ಒತ್ತಿ ಮುಂದೆ ಹೋದಳು.

ನಾದಿನಿ ಪರದೆಯ ಮೇಲೆ ಬಂದ ಅಣ್ಣನ ಮುಖವನ್ನು ಫೋನಿನಲ್ಲಿ ಹಿಡಿದುಕೊಂಡಳು. ಹೊರಗೆ ಹೆಣ ಒಯ್ಯುವ ವ್ಯಾನಿನ ಸದ್ದಾಯಿತು. ಅವಳು ಟಾರ್ಚು ಎತ್ತಿಕೊಂಡು ಎದ್ದಳು.

"ಅತ್ತಿಗೆ, ಹೊತ್ತಾಯ್ತು. ಅದ್ಯಾಕೆ ಹಾಡಹಗಲಲ್ಲಿ ಟಾರ್ಚು? ಕೊಡಿ ಇಲ್ಲಿ."

"ಮುಟ್ಟಬೇಡ."

ವ್ಯಾನಿನ ಕಿಟಕಿಗಳಿಗೆ ಕಪ್ಪು ಗಾಜು. ಬಾಗಿಲು ಮುಚ್ಚಿದಾಗ ಒಳಗೆ ಮುಸ್ಸಂಜೆಯಾಯಿತು. ಅವಳು ಮಂಡಿ ಹಿಡಿದುಕೊಂಡು ಅವನ ಪಕ್ಕದಲ್ಲೇ ಕೂತಳು. ಟಾರ್ಚು ಹಚ್ಚಿ ಅವನ ಬಲಗೈ ಹೆಬ್ಬೆರಳಿನ ಉದ್ದ ಉಗುರಿನ ಮೇಲೆ ಬಿಟ್ಟಳು. ದಾರಿಯುದ್ದಕ್ಕೂ ಗುಂಡಿಗಳಿದ್ದವು. ವ್ಯಾನು ಎತ್ತಿ ಎತ್ತಿ ಹಾಕುತ್ತಿತ್ತು. ಬೆಳಕು ಮಾತ್ರ ಅಲ್ಲಾಡಲಿಲ್ಲ.