ತಾಯಿ ನಡೆದು ಬಂದ ದಾರಿ

ಮನೆಗಳ ಚಾವಣಿಗೆ ಪ್ಲಾಸ್ಟರ್ ಅಂಚು ಕೂರಿಸುವುದು ನನ್ನ ಕಸುಬು. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಒಂದು ದಿನ ಬಂದವಳೇ, "ರೀ, ಯೇಸು ಓಡಾಡಿದ ಸೀಮೇನ ಪ್ಲಾಸ್ಟರಲ್ಲಿ ಮಾಡಿಕೊಡಿ. ನಮ್ಮ ಮಕ್ಕಳು ಆ ಊರುಗಳೆಲ್ಲ ಒಂದೇ ಬೀದೀಲಿದ್ವು ಅಂದ್ಕೊಂಡಿದಾರೆ," ಎಂದಳು.

"ಯಾವ ಊರು ಎಷ್ಟು ಎತ್ತರ ಅಂತ ಹೇಳು, ಮಾಡ್ತೀನಿ."

ಅವಳು ಭೂಪಟದ ಪುಸ್ತಕ ತಂದಳು. ನಜರೇತ್ ಸಮುದ್ರಮಟ್ಟಕ್ಕಿಂತ ಸುಮಾರು ಮುನ್ನೂರೈವತ್ತು ಮೀಟರ್ ಮೇಲೆ. ಗಲಿಲಾಯದ ಸರೋವರ ಇನ್ನೂರು ಮೀಟರ್ ಕೆಳಗೆ. ಕೆಳಗೆ ಎಂದಾಗ ತಪ್ಪು ಓದಿದಳೆಂದುಕೊಂಡೆ. ಸರಿಯಾಗಿಯೇ ಓದಿದ್ದಳು. ಸರೋವರಕ್ಕಾಗಿ ಹಲಗೆಯನ್ನೇ ಕೊರೆಯಬೇಕಾಯಿತು. ಅಳತೆಗೆ ತಕ್ಕಂತೆ ಬಿಟ್ಟರೆ ಬೆಟ್ಟಗಳು ಬೆವರುಗುಳ್ಳೆಯಷ್ಟೇ ಆಗುತ್ತಿದ್ದವು. ಎತ್ತರವನ್ನು ಐದು ಪಟ್ಟು ಮಾಡಿದೆ.

ಶನಿವಾರ ಅತ್ತೆ ಬಂದರು. ಅವರದು ಘಟ್ಟದ ಮೇಲಿನ ಊರು, ಎರಡು ಬಸ್ಸು ಬದಲಾಯಿಸಬೇಕು. ನಾನು ಹಜಾರದಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಬೆಟ್ಟ ತೀಡುತ್ತಿದ್ದೆ. ಹೆಂಡತಿ ಮರುದಿನದ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಯೇಸು ಒಳಗೆ ಜನರ ನಡುವೆ ಕೂತಿದ್ದಾನೆ. ತಾಯಿ, ತಮ್ಮಂದಿರು ಬಂದು ಹೊರಗೆ ನಿಂತು ಹೇಳಿಕಳಿಸುತ್ತಾರೆ. ದೇವರ ಚಿತ್ತದಂತೆ ನಡೆಯುವವರೇ ನನಗೆ ತಾಯಿ, ತಮ್ಮಂದಿರು ಎನ್ನುತ್ತಾನೆ ಅವನು.

"ತಾಯಿ ಎಲ್ಲಿಂದ ಬಂದಿದ್ದು?" ಅತ್ತೆ ಕೇಳಿದರು.

ಹೆಂಡತಿ ತಡವರಿಸಿದಳು. "ನಜರೇತಿಂದ ಇರ್ಬೇಕಮ್ಮ. ಅವನಿದ್ದದ್ದು ಕಪೆರ್ನೌಮಲ್ಲಿ ಅಂತಾರೆ, ಸರೋವರದ ದಡದಲ್ಲಿ."

ನಾನು ನೂಲು ಹಿಡಿದು ಕಣಿವೆಗುಂಟ ಅಳೆದೆ. "ಸುಮಾರು ನಲವತ್ತು ಕಿಲೋಮೀಟರ್, ಅತ್ತೆ. ಪೂರ್ತಿ ಇಳಿಜಾರು."

"ಬರೋವಾಗ ಇಳಿಜಾರು. ವಾಪಸ್ ಹೋಗೋವಾಗ?" ಅತ್ತೆ ಬೆರಳನ್ನು ಸರೋವರದಿಂದ ಮೇಲಕ್ಕೆಳೆದರು. ಪ್ಲಾಸ್ಟರ್ ಇನ್ನೂ ಹಸಿ. ಬೆರಳಿನ ಗೆರೆ ಮೂಡಿತು. "ಅವಳನ್ನ ಯಾರಾದ್ರೂ ಒಳಗೆ ಕರೆದ್ರಾ?"

"ಬರೆದಿಲ್ಲಮ್ಮ."

"ಯಾಕೆ ಬಂದಿದ್ಲಂತೆ?"

ಹೆಂಡತಿ ಪುಟ ಹಿಂದಕ್ಕೆ ತಿರುವಿದಳು. "ಜನ ಎಷ್ಟು ಮುತ್ತಿದ್ರು ಅಂದ್ರೆ ಅವನಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಬುದ್ಧಿ ಕೆಟ್ಟಿದೆ ಅಂದ್ಕೊಂಡು ಮನೆಯವರು ಕರ್ಕೊಂಡು ಹೋಗೋಕೆ ಹೊರಟ್ರು."

"ಮತ್ತೆ? ಊಟ ಮಾಡದ ಮಗನ್ನ ನೋಡೋಕೆ ಅಷ್ಟು ದೂರ ನಡೆದಿದಾಳೆ. ಅದನ್ನ ಹೇಳು ಮಕ್ಕಳಿಗೆ."

ಹೆಂಡತಿ ಪುಸ್ತಕ ಮುಚ್ಚಿದಳು. ಅವಳ ಮುಖ ಸಣ್ಣಗಾದದ್ದು ಯಾಕೆಂದು ನನಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ ಅತ್ತೆ ಹೇಳದೆ ಕೇಳದೆ ಆಸ್ಪತ್ರೆಗೆ ಬಂದಿದ್ದರು. ಲ್ಯಾಬಿನಲ್ಲಿ ಉಸಿರಾಡಲೂ ಬಿಡುವಿಲ್ಲದ ದಿನ. ಕಾಯಲಿ ಎಂದು ಕಾವಲಿನವನ ಕೈಲಿ ಹೇಳಿಕಳಿಸಿದ ಹೆಂಡತಿ ಮೂರು ಗಂಟೆಯ ಮೇಲೆ ಹೊರಬಂದರೆ ಬೆಂಚು ಖಾಲಿ. ಫೋನ್ ಮಾಡಿ ಬರಬಾರದಿತ್ತೇ ಎಂದು ಸಂಜೆ ಗೊಣಗಿದ್ದಳು. ನಾನೂ ಹೌದೆಂದಿದ್ದೆ.

"ಅಮ್ಮ, ಅವತ್ತು ಯಾಕೆ ಬಂದಿದ್ದೆ?"

"ನಮ್ಮೂರ ಡಾಕ್ಟರು ಒಂದು ರಿಪೋರ್ಟ್ ಕೊಟ್ಟಿದ್ರು. ಗಂಟಲಲ್ಲಿ ಗಂಟಿತ್ತಲ್ಲ. ನಿನ್ನ ಕೈಲೇ ಓದಿಸೋಣ ಅಂತ."

"ಯಾವ ಗಂಟು? ನನಗೆ ಹೇಳೇ ಇಲ್ವಲ್ಲ."

"ಏನೂ ಇರಲಿಲ್ಲ ಬಿಡು. ಔಷಧಿ ಅಂಗಡಿಯವನು ಓದಿ, ಹೆದರಬೇಡಿ ಅಂದ. ಕೊನೇ ಬಸ್ ತಪ್ಪುತ್ತೆ ಅಂತ ಹೊರಟೆ."

ಅಂಗಡಿಯವನು ಓದಿದ ರಿಪೋರ್ಟು! ಹೆಂಡತಿ ಎದ್ದು, ದೀಪದ ಬೆಳಕಿಗೆ ತಾಯಿಯ ಗದ್ದವನ್ನೆತ್ತಿ ಕತ್ತನ್ನು ಮುಟ್ಟಿ ಮುಟ್ಟಿ ನೋಡಿದಳು. ಅತ್ತೆ ಕಚಗುಳಿಯಾಗಿ ನಕ್ಕರು.

ಭಾನುವಾರ ಹಲಗೆ ಹೊತ್ತು ನಾನೂ ಹೋದೆ. ಹೆಂಡತಿ ಯೇಸುವಿನ ಮಾತನ್ನು ಒಂದಿಷ್ಟೂ ತಗ್ಗಿಸಲಿಲ್ಲ. ಆದರೆ ಮೊದಲು ಪ್ರತಿ ಮಗುವಿನ ಬೆರಳನ್ನೂ ಆ ದಾರಿಯಲ್ಲಿ ಇಳಿಸಿ, ಹತ್ತಿಸಿದಳು.

ಒಬ್ಬಳು ಹುಡುಗಿ ಕೇಳಿದಳು, "ಟೀಚರ್, ಅವರಮ್ಮ ಕೋಪ ಮಾಡ್ಕೊಂಡ್ರಾ?"

"ಗೊತ್ತಿಲ್ಲ ಪುಟ್ಟಾ. ಆದ್ರೆ ಅವನನ್ನ ಯೆರೂಸಲೇಮಲ್ಲಿ ಶಿಲುಬೆಗೆ ಹಾಕಿದಾಗ ಹತ್ತಿರಾನೇ ನಿಂತಿದ್ರು."

"ಯೆರೂಸಲೇಮ್ ಎಲ್ಲಿ?"

ಹೆಂಡತಿ ನನ್ನ ಕಡೆ ನೋಡಿದಳು. ಹಲಗೆಯಲ್ಲಿ ಆ ಊರಿಗೆ ಜಾಗವಿರಲಿಲ್ಲ. ನಜರೇತಿನಿಂದ ನೂರು ಕಿಲೋಮೀಟರಿಗೂ ಆಚೆ. ನಾನು ದಕ್ಷಿಣಕ್ಕೆ ಹೆಜ್ಜೆ ಹಾಕುತ್ತ ಗೋಡೆಯ ಬಳಿ ಹೋಗಿ, "ಇಲ್ಲಿ," ಎಂದೆ. ಮಕ್ಕಳು ಹಲಗೆಯಿಂದ ನನ್ನ ಕಾಲಿನವರೆಗೆ ಕಣ್ಣಲ್ಲೇ ಅಳೆದರು.

ಸೋಮವಾರ ಹೆಂಡತಿ ಎರಡು ದಿನ ರಜೆ ಹಾಕಿ ತಾಯಿಯ ಜೊತೆ ಹೊರಟಳು. ಆ ಡಾಕ್ಟರನ್ನು ತಾನೇ ಕಂಡು ಮಾತಾಡಬೇಕಂತೆ.