ಇಡೀ ಕ್ಲಾಸು

ಹಳೆಯ ಕಾಲೇಜಿನ ಗಣಿತದ ಕ್ಲಾಸೆಂದರೆ ಎರಡು ವರ್ಷವೂ ಅವಳೊಬ್ಬಳೇ. ಉಳಿದವರೆಲ್ಲ ಮೊದಲ ತಿಂಗಳಲ್ಲೇ ಬೇರೆ ವಿಷಯಕ್ಕೆ ಕಾಲ್ತೆಗೆದಿದ್ದರು. ಮೇಷ್ಟ್ರು ಮಾತ್ರ ಹಾಜರಿ ಬಿಡಲಿಲ್ಲ. ಓಡಿಹೋದವರ ಹೆಸರನ್ನೂ ಕರೆದು, ಒಬ್ಬನ ಪರವಾಗಿ ಮೂಗಿನ ದನಿಯಲ್ಲಿ, ಒಬ್ಬಳ ಪರವಾಗಿ ಆಕಳಿಸುತ್ತ, "ಬಂದಿದೀನಿ ಸಾರ್" ಎಂದು ತಾವೇ ಓಗೊಡುತ್ತಿದ್ದರು. ಅವಳು ತಡವಾಗಿ ಬಂದರೆ, "ಇಡೀ ಕ್ಲಾಸು ಲೇಟು!" ಸೀನಿದರೆ, "ಇಡೀ ಕ್ಲಾಸಿಗೆ ನೆಗಡಿ. ಮನೆಗೆ ಹೋಗಮ್ಮ." ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ಅಡಗಿಸಿಟ್ಟು, ಅವಳು ಹಿಡಿಯುವ ತನಕ ಕಿಟಕಿಯಾಚೆ ನೋಡುತ್ತ ನಿಲ್ಲುವರು. ಪಕ್ಕದವರ ಮುಖ ನೋಡೋಣವೆಂದರೆ ಪಕ್ಕದವರೇ ಇಲ್ಲ.

ಆಮೇಲೆ ಅಪ್ಪನಿಗೆ ವರ್ಗವಾಯಿತು. ಅವರ ಹಿಂದೆ ಇಡೀ ವರ್ಗವೇ ವರ್ಗವಾಯಿತು.

ಹೊಸ ಊರಿನ ದೊಡ್ಡ ಕಾಲೇಜು ಅವಳನ್ನು ಹೊಸ್ತಿಲಲ್ಲೇ ತಡೆಯಿತು. ಹಳೆಯ ಕಾಲೇಜಿನಲ್ಲಿ ಕಲಿತದ್ದು ಇಲ್ಲಿಯದಕ್ಕೆ ಸಮವೋ ಅಲ್ಲವೋ? ಅಲ್ಲವೆಂದರೆ ಎರಡು ವರ್ಷವನ್ನೂ ಮತ್ತೆ ಓದಬೇಕು.

ವಿಭಾಗದ ಮುಖ್ಯಸ್ಥರು ಅಂಕಪಟ್ಟಿ ನೋಡಿದರು. "ಕ್ಲಾಸಿಗೇ ಮೊದಲು! ಭೇಷ್. ಎಷ್ಟು ಜನ ಇದ್ರಮ್ಮ?"

"ನಾನೊಬ್ಬಳೇ ಸರ್."

"ಹಾಗಾದ್ರೆ ಕೊನೆಯವಳೂ ನೀನೇ ಅನ್ನು."

ಪಕ್ಕದಲ್ಲಿದ್ದ ಲೆಕ್ಚರರ್ ಮೇಡಂ ಕಿಸಕ್ಕೆಂದರು. "ಸಿಲಬಸ್ಸೇನೋ ಒಂದೇ ಸರ್. ಅಂಥ ಕಡೆ ಪಾಠ ಹೇಗೆ ಮಾಡ್ತಾರೋ, ಏನ್ ಕಥೆಯೋ!"

ಮುಖ್ಯಸ್ಥರು ಎದ್ದು, ಬೋರ್ಡಿನ ಮೇಲೆ ಪ್ರಮೇಯವೊಂದರ ಮೊದಲ ಸಾಲುಗಳನ್ನು ಸರಸರನೆ ಗೀಚಿ, ಸಮೀಕರಣದ ಎರಡೂ ಕಡೆಯನ್ನು ಎಕ್ಸ್‌ನಿಂದ ಭಾಗಿಸಿ, ಸೀಮೆಸುಣ್ಣ ಚಾಚಿದರು. "ಮುಂದುವರಿಸು."

ಅವಳು ಕೈ ಚಾಚಲಿಲ್ಲ. "ಎಕ್ಸ್ ಸೊನ್ನೆ ಆಗಿದ್ರೆ ಸರ್? ಸೊನ್ನೆಯಿಂದ ಭಾಗಿಸೋ ಹಾಗಿಲ್ವಲ್ಲ."

ಅಭ್ಯಾಸಬಲದಿಂದ ಶಹಭಾಸ್‌ಗಿರಿಗೆ ಕಾದಳು. ಯಾರೂ ನಗಲಿಲ್ಲ. ಮುಖ್ಯಸ್ಥರ ಕಿವಿ ಕೆಂಪಾದಾಗಲೇ ಅವಳಿಗೆ ಗೊತ್ತಾದದ್ದು, ಈ ತಪ್ಪನ್ನು ಯಾರೂ ಬೇಕೆಂದು ಅಡಗಿಸಿಟ್ಟಿರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು, ಎಕ್ಸ್ ಸೊನ್ನೆಯಾದ ಸಂದರ್ಭವನ್ನು ಬೇರೆಯಾಗಿ ಬರೆದು, ಪ್ರಮೇಯವನ್ನು ದಡ ಮುಟ್ಟಿಸಿದಳು.

"ಸಮ ಅಂತ ಬರ್ಕೊಳ್ಳಿ ಮೇಡಂ," ಎಂದರು ಮುಖ್ಯಸ್ಥರು, ಬೋರ್ಡು ಒರೆಸುತ್ತ. ಅವಳತ್ತ ತಿರುಗಲಿಲ್ಲ.

ವರಾಂಡದಿಂದಲೇ ಮೇಷ್ಟ್ರಿಗೆ ಫೋನು ಮಾಡಿ ಸುದ್ದಿ ಹೇಳಿದಳು.

"ಇಡೀ ಕ್ಲಾಸು ಪಾಸು!" ಅವರು ಕೂಗಿದರು. ಮೂಗಿನವನ ದನಿಯಲ್ಲೊಂದು, ಆಕಳಿಕೆಯವಳ ದನಿಯಲ್ಲೊಂದು ಅಭಿನಂದನೆಯೂ ಬಂತು. ಆಮೇಲೆ ತಮ್ಮದೇ ದನಿ: "ಅಲ್ಲಿ ಎಷ್ಟು ಜನಾನಮ್ಮ?"

"ಇನ್ನೂರಂತೆ ಸರ್."

"ಅಬ್ಬಬ್ಬಾ! ಹಾಜರಿ ಮುಗಿಯೋ ಹೊತ್ತಿಗೆ ಗಂಟೆ ಹೊಡೆದಿರುತ್ತೆ."

"ನಿಮ್ಮ ಹತ್ರ ಈಗ ಯಾರಿದಾರೆ ಸರ್?"

"ಇಡೀ ಕ್ಲಾಸಿಗೆ ರಜೆ," ಎಂದರು. ಈ ಸಲ ಯಾರ ದನಿಯನ್ನೂ ಮಾಡಲಿಲ್ಲ.

ಮರುದಿನ ಬಸ್ಸು ತಡವಾಯಿತು. ಏದುಸಿರು ಬಿಡುತ್ತ, ಕ್ಷಮೆ ಕೇಳುವ ಮಾತನ್ನು ಬಾಯಲ್ಲೇ ಹೊಂದಿಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು. ಇನ್ನೂರು ತಲೆಗಳು ಬಗ್ಗಿ ಬರೆಯುತ್ತಿದ್ದವು. ಒಂದೂ ಮೇಲೇಳಲಿಲ್ಲ. ಬೋರ್ಡು ಆಗಲೇ ಅರ್ಧ ತುಂಬಿತ್ತು.

ತಾನು ಬರುವ ಮೊದಲೇ ಕ್ಲಾಸು ಶುರುವಾಗಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.