ಸುಣ್ಣದ ಗೆರೆ, ದಮ್ಮಿನ ಪಂಪು

ಬಹಳ ಹಿಂದೆ, ಒಂದೂರಿನಲ್ಲಿ ಒಂದು ಬಿಳಿ ಗೆರೆ ಇತ್ತಂತೆ. ಈಚೆಗೊಬ್ಬಳು, ಆಚೆಗೊಬ್ಬಳು, ಇಬ್ಬರೂ ಜೀವದ ಗೆಳತಿಯರು. ಮಾತು ಗೆರೆ ದಾಟಿತೋ, ಗೆರೆ ಹಾವಾಗಿ ಎದ್ದು ಆಡಿದವಳ ಉಸಿರು ಕುಡಿಯುತ್ತಿತ್ತಂತೆ.

ಅಜ್ಜಮ್ಮ ಹೇಳುತ್ತಿದ್ದ ಆ ಕಥೆ ಚನ್ನಗಿರಿಯ ಕಬಡ್ಡಿ ಅಂಕಣದ ಬಳಿ ಪವಿತ್ರಳಿಗೆ ನೆನಪಾಗಬಾರದಿತ್ತು. ಸುಣ್ಣದ ಗೆರೆ ಬಿಸಿಲಿಗೆ ಸಣ್ಣಗೆ ಮಿಸುಕಾಡಿದಂತಿತ್ತು.

ಅವಳ ಚೀಲದಲ್ಲಿ ಮಸರತ್‌ಳ ದಮ್ಮಿನ ಪಂಪಿತ್ತು, ಉಸಿರು ಕಟ್ಟಿದಾಗ ಬಾಯೊಳಗೆ ಒತ್ತಿಕೊಳ್ಳುವ ಔಷಧಿ. ಮಸರತ್ ಹಾಸ್ಟೆಲಿನ ಗೆಳತಿ. ಇವತ್ತು ತನ್ನೂರು ಸವಳಂಗದ ತಂಡದಲ್ಲಿ ಎದುರಾಳಿ. ಬೆಳಿಗ್ಗೆ ಪವಿತ್ರಳ ಹೊನ್ನಾಳಿ ತಂಡದ ಬಸ್ಸು ಸವಳಂಗದಲ್ಲಿ ನಿಂತಾಗ ಮಸರತ್‌ಳ ತಾಯಿ ಗುಲ್ಜಾರ್‌ಬೀ ಕಿಟಕಿಯ ಹತ್ತಿರ ಓಡಿ ಬಂದಿದ್ದರು.

“ಮರೆತು ಹೋಗ್ಯಾಳೆ ಕಣಮ್ಮ. ಧೂಳು ಅವಳಿಗೆ ಆಗಾಕಿಲ್ಲ. ಅವಳ ಕೈಗೇ ಕೊಡ್ತೀಯಲ್ಲ?”

“ಅವಳ ಕೈಗೇ ಕೊಡ್ತೀನಿ ಖಾಲಾ.”

ದಾರಿಯಲ್ಲಿ ಟೈರು ಹೋಯಿತು. ಬಂದಿಳಿಯುವಷ್ಟರಲ್ಲಿ ತಂಡಗಳನ್ನು ಕರೆಯುವ ಸೀಟಿ ಊದಿಯಾಗಿತ್ತು. ಅದಾದ ಮೇಲೆ ಎರಡು ತಂಡದವರು ಪರಸ್ಪರ ಮಾತಾಡುವಂತಿಲ್ಲ, ನಗುವಂತಿಲ್ಲ, ಏನನ್ನೂ ಕೊಟ್ಟು ತಗೊಳ್ಳುವಂತಿಲ್ಲ. ತಪ್ಪಿದರೆ ತಂಡವೇ ಹೊರಗೆ.

“ಹೋದ್ಸಲ ಒಂದು ನೀರಿನ ಬಾಟ್ಲಿ ಆ ಕಡಿಗೆ ಹೋಗಿದ್ದಕ್ಕೆ, ಮ್ಯಾಚ್ ಮಾರ್ಕಂಡ್ರು ಅಂತ ಜನ ತಲೆ ಒಡಕಂಡ್ರು,” ಎಂದರು ಕೋಚ್ ಜಯದೇವಪ್ಪ. “ನಿನ್ ಪಂಪು ಯಾವನು ನಂಬ್ತಾನೆ? ಆಟ ಮುಗೀಲಿ.”

“ಸರ್, ಅವಳಿಗೆ ದಮ್ಮೈತೆ.”

“ದಮ್ಮಿರೋಳು ಕಬಡ್ಡಿ ಆಡಾಕೆ ಯಾಕೆ ಬಂದ್ಲು? ಗೆದ್ರೆ ರಾಜ್ಯದ ಕ್ಯಾಂಪಿಗೆ ನಿನ್ ಹೆಸ್ರು ಕಳಿಸ್ತಾರೆ. ಬಾಯಿ ಮುಚ್ಕಂಡು ಆಡು.”

ಆಡಿದಳು. ಧೂಳು ಏಳುತ್ತಲೇ ಇತ್ತು. ಆಚೆ ಬದಿಯಿಂದ ಮಸರತ್ ಎದೆ ಒತ್ತಿಕೊಂಡು ಅವಳನ್ನೇ ನೋಡಿದಳು. ಪವಿತ್ರ ಮುಖ ತಿರುಗಿಸಿದಳು.

ಕೊನೆಯ ರೈಡಿಗೆ ಮಸರತ್ ಬಂದಳು. “ಕಬಡ್ಡಿ, ಕಬಡ್ಡಿ” ಎನ್ನುತ್ತಿದ್ದ ದನಿ ದಾರದಂತೆ ಸಣ್ಣಗಾಗುತ್ತ ಬಂತು. ಪವಿತ್ರ ಅವಳ ಕಾಲು ಹಿಡಿದಳು. ಮಸರತ್ ಬಿದ್ದಳು, ಎದೆಯೊಳಗಿಂದ ಶಿಳ್ಳೆಯಂಥ ಸದ್ದು.

“ನಾಟಕ ಮಾಡ್ತಾಳೆ, ಬಿಡಬ್ಯಾಡ,” ಎಂದಳು ತಂಡದ ಶೈಲಾ. ಸುತ್ತಲಿನ ಜನ ನಕ್ಕರು. ಸವಳಂಗದ ಹುಡುಗಿಯರು ನಡುಗೆರೆಯ ಆಚೆಗೇ ನಿಂತಿದ್ದರು. ರೈಡ್ ಮುಗಿದ ಸೀಟಿ ಊದುವ ಮೊದಲು ದಾಟಿದರೆ ಅವರೂ ಔಟ್.

ಮಸರತ್‌ಳ ತುಟಿ ನೀಲಿಗಟ್ಟುತ್ತಿತ್ತು. ಹಿಡಿದ ಪಾದ ಆ ಬಿಸಿಲಲ್ಲೂ ತಣ್ಣಗಿತ್ತು.

ಪವಿತ್ರ ಕೈಬಿಟ್ಟಳು. ಅಂಕಣದಿಂದಾಚೆ ಓಡಿ ಚೀಲಕ್ಕೆ ಕೈ ಹಾಕಿದಳು. ಅಂಪೈರ್ ಓಂಕಾರ್ ಸೀಟಿ ಊದಿದರು.

“ಏ ಹೊನ್ನಾಳಿ, ಏನದು ಕೈಯಾಗೆ? ಕೊಟ್ಟರೆ ನಿಮ್ ಟೀಮ್ ಹೋತು, ನೋಡ್ಕೋ.”

ಜಯದೇವಪ್ಪ ತಲೆ ಮೇಲೆ ಕೈ ಹೊತ್ತರು. ಸುಣ್ಣದ ಗೆರೆ ಮಿಸುಕಾಡಿತು. ಪವಿತ್ರ ಅದನ್ನು ತುಳಿದುಕೊಂಡೇ ಒಳಬಂದು ಮಂಡಿಯೂರಿದಳು.

“ಮಸ್ಸು, ಬಾಯಿ ತೆಗಿ.”

ಒಂದು ಸಲ ಒತ್ತಿದಳು. ಏನೂ ಆಗಲಿಲ್ಲ. ನಗು ನಿಂತಿತ್ತು. ಇನ್ನೊಂದು ಸಲ ಒತ್ತಿದಳು. ಹರಿದ ಬಟ್ಟೆಯಂಥ ಒಂದು ಉಸಿರು ಒಳಗೆ ಹೋಯಿತು, ಅದರ ಹಿಂದೆ ಮತ್ತೊಂದು.

ಓಂಕಾರ್ ಹೊನ್ನಾಳಿ ತಂಡದ ಕಡೆ ಕೆಂಪು ಕಾರ್ಡ್ ಎತ್ತಿದರು. ಪವಿತ್ರ ಅತ್ತ ನೋಡಲಿಲ್ಲ. ಮಸರತ್‌ಳ ಬೆರಳುಗಳು ಧೂಳಿನಲ್ಲಿ ತಡಕಾಡಿ, ಪವಿತ್ರಳ ಕೈಯಿಂದ ಪಂಪನ್ನು ತೆಗೆದುಕೊಂಡು ಗಟ್ಟಿಯಾಗಿ ಮುಚ್ಚಿಕೊಂಡವು.